ಹಡಗಿಗೆ ಮುಂಗಡ ಕಟ್ಟಿದ ಮೇಲೂ ದರ ಏರುವುದೇಕೆ?

ಕಾರವಾರ, ಕುಮಟಾ, ಶಿರಸಿ ಕಡೆಯ ಮನೆಗಳಲ್ಲಿ ಕ್ರೂಸ್ ಪ್ರವಾಸದ ಮಾತು ಈಗ ಅಪರೂಪವಲ್ಲ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುವ ಪ್ರವಾಸಿ ಹಡಗುಗಳಿವೆ. ಗೋವಾದ ಮುರ್ಮುಗಾವ್ ಬಂದರು ಕಾರವಾರದಿಂದ ರಸ್ತೆಯಲ್ಲಿ ನೂರು ಕಿಲೋಮೀಟರ್ ಆಸುಪಾಸು. ಸಿಂಗಪುರದಿಂದ ಹೊರಡುವ ಮೂರು, ನಾಲ್ಕು ರಾತ್ರಿಯ ಯಾನವನ್ನು ವಿಮಾನ, ಹೋಟೆಲ್ ಜೊತೆಗೆ ಸೇರಿಸಿ ಟ್ರಾವೆಲ್ಸ್‌ನವರು ಮಾರುತ್ತಾರೆ. ನಿವೃತ್ತರಾದ ಶಿಕ್ಷಕರು, ಸೊಸೈಟಿ ನೌಕರರು, ಬೆಂಗಳೂರಿನಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಬೇಕೆಂದು ಹೊರಟ ಕುಟುಂಬಗಳು, ಎಲ್ಲರೂ ಇದರಲ್ಲಿದ್ದಾರೆ.

ಅವರೊಂದಿಗೆ ಒಂದು ದೂರೂ ಬಂದಿದೆ. “ಅಡ್ವಾನ್ಸ್ ಹಾಕಿ ತಿಂಗಳುಗಳಾದವು. ಈಗ ಫೋನ್ ಮಾಡಿ ರೇಟ್ ಹೆಚ್ಚಾಗಿದೆ, ಇನ್ನಷ್ಟು ಹಾಕಿ ಅಂತಾರೆ. ಬೇಡ ಅಂದರೆ ಅಡ್ವಾನ್ಸ್ ವಾಪಸಿಲ್ಲವಂತೆ.” ವರ್ಷಗಟ್ಟಲೆ ಕೂಡಿಟ್ಟ ಹಣದ ವಿಷಯ ಇದು. ಮೋಸವೋ ಪದ್ಧತಿಯೋ ಎಂದು ಗೊತ್ತಾಗದೆ ಜನ ಒದ್ದಾಡುತ್ತಾರೆ. ಉತ್ತರ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ನೀವು ಕೊಟ್ಟ ಮುಂಗಡ ಯಾರ ಕೈ ಸೇರಿತು, ಮತ್ತು ಅದು ಏನನ್ನು ಕಟ್ಟಿಹಾಕಿತು?

ಮುಂಗಡ ಏನನ್ನು ಹಿಡಿದಿಡುತ್ತದೆ?

ಮದುವೆ ನಿಶ್ಚಯವಾದ ಕೂಡಲೇ ನಾವು ಕಲ್ಯಾಣ ಮಂಟಪಕ್ಕೆ ಓಡುತ್ತೇವೆ. ಮುಂಗಡ ಕೊಟ್ಟು ರಶೀದಿ ಪಡೆದರೆ ಆ ದಿನ ಆ ಮಂಟಪ ನಮ್ಮದು, ಬಾಡಿಗೆಯೂ ನಿಂತಿತು. ಕರೆಂಟು, ಗ್ಯಾಸು, ಸ್ವಚ್ಛತೆ ಮಾತ್ರ ಆ ದಿನದ ಲೆಕ್ಕ. ಮುಹೂರ್ತ ಮುಂದೆ ಹೋದರೆ ಹಳೆಯ ಬಾಡಿಗೆಗೇ ಹೊಸ ದಿನ ಸಿಗುತ್ತದೆಂಬ ಖಾತ್ರಿಯಿಲ್ಲ. ಮಂಟಪದವರ ಬದಲು “ನಾನು ಹಾಲ್ ಮಾಡಿಸಿಕೊಡ್ತೇನೆ” ಎಂದ ಪರಿಚಯದವರ ಕೈಗೆ ಹಣ ಕೊಟ್ಟಿದ್ದರೆ, ಅವರು ಹೋಗಿ ರಶೀದಿ ಮಾಡಿಸುವವರೆಗೆ ನಮಗೆ ದಿನವೂ ಸಿಕ್ಕಿಲ್ಲ, ಬಾಡಿಗೆಯೂ ನಿಂತಿಲ್ಲ.

ಕ್ರೂಸ್ ಮುಂಗಡದ ಗೊಂದಲವೆಲ್ಲ ಇದರೊಳಗೇ ಇದೆ. ನಮ್ಮಲ್ಲಿ ಎಲ್ಲವನ್ನೂ ಅಡ್ವಾನ್ಸ್ ಎಂದೇ ಕರೆಯುವುದರಿಂದ ಮೂರು ಬೇರೆ ಬೇರೆ ಪಾವತಿಗಳು ಒಂದೇ ಆಗಿ ಕಾಣುತ್ತವೆ.

ಮೊದಲನೆಯದು ನಿಜವಾದ ಬುಕಿಂಗ್ ಮುಂಗಡ. ಹಡಗಿನ ಹೆಸರು, ಹೊರಡುವ ದಿನ, ಕ್ಯಾಬಿನ್ ದರ್ಜೆ, ಪ್ರಯಾಣಿಕರ ಹೆಸರು, ಒಟ್ಟು ದರ, ಬಾಕಿ ಎಷ್ಟು, ಅದನ್ನು ಕಟ್ಟಬೇಕಾದ ಕೊನೆಯ ದಿನ ಯಾವುದು ಎಂಬುದೆಲ್ಲ ಬರೆದಿರುವ ದೃಢೀಕರಣ ಪತ್ರ ಇದರೊಂದಿಗೆ ಬರುತ್ತದೆ. ಅದರ ಮೇಲೆ ಹಡಗು ಕಂಪನಿಯದೇ ಬುಕಿಂಗ್ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಈ ಹಂತದಲ್ಲಿ ಕ್ಯಾಬಿನ್ನಿನ ಮೂಲ ದರ ನಿಂತುಬಿಡುತ್ತದೆ.

ಎರಡನೆಯದು ಏಜೆಂಟರ ಬಳಿ ಇಟ್ಟ ಟೋಕನ್. ಸಿಂಗಪುರ ಗುಂಪು ಪ್ರವಾಸಗಳಲ್ಲಿ ಇದೇ ಹೆಚ್ಚು. ದೊಡ್ಡ ಏಜೆನ್ಸಿ ಕಂಪನಿಯಿಂದ ಒಂದಿಷ್ಟು ಕ್ಯಾಬಿನ್ನುಗಳನ್ನು ಒಟ್ಟಿಗೆ ಕಾದಿರಿಸಿಕೊಂಡು ಸಣ್ಣ ಏಜೆಂಟರ ಮೂಲಕ ಮಾರುತ್ತದೆ. ನಿಮ್ಮ ಹೆಸರು ಆ ಕ್ಯಾಬಿನ್ನಿಗೆ ಸೇರುವುದು ಆಮೇಲೆ. ಕಾದಿರಿಸಿದ್ದು ಮುಗಿದುಹೋದರೆ ಅಥವಾ ಗಡುವು ದಾಟಿ ಕಂಪನಿಗೆ ಮರಳಿದರೆ, ನಿಮಗಾಗಿ ಹೊಸದಾಗಿ ಕ್ಯಾಬಿನ್ ಕೊಳ್ಳಬೇಕು, ಆ ದಿನದ ದರಕ್ಕೆ. “ಬ್ಲಾಕ್ ಮಾಡಿದ್ದೇವೆ” ಎಂದರೆ “ಬುಕ್ ಮಾಡಿದ್ದೇವೆ” ಎಂದು ಅರ್ಥವಲ್ಲ. ನಾನು ಕೇಳಿದ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಮೂರನೆಯದು ಕಡಿಮೆ ಜನರಿಗೆ ಗೊತ್ತು. ಒಮ್ಮೆ ಹಡಗಿನಲ್ಲಿ ಹೋದವರಿಗೆ ಅಲ್ಲಿಯೇ “ಮುಂದಿನ ಯಾನಕ್ಕೆ ಈಗಲೇ ಮುಂಗಡ ಇಡಿ, ಸೌಲಭ್ಯ ಕೊಡುತ್ತೇವೆ” ಎನ್ನುತ್ತಾರೆ. ದಿನಾಂಕವನ್ನೂ ಹಡಗನ್ನೂ ಆಗ ಆರಿಸಿರದಿದ್ದರೆ ಆ ಹಣ ಯಾವ ದರವನ್ನೂ ಹಿಡಿದಿಡುವುದಿಲ್ಲ. ಮುಂದೆ ಯಾನ ಆರಿಸಿದ ದಿನ ಏನು ದರವಿದೆಯೋ ಅದೇ.

ಜಾಹೀರಾತಿನ 50 ಸಾವಿರ 70 ಸಾವಿರವಾಗುವ ದಾರಿ

ಎಷ್ಟೋ ಸಲ ಯಾರೂ ದರ ಏರಿಸಿರುವುದಿಲ್ಲ. ಮೊದಲೇ ಇದ್ದದ್ದು ಕಡೆಗೆ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಲೆಕ್ಕ ಅರ್ಥವಾಗಲೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಇವು ಯಾವ ಕಂಪನಿಯ ದರವೂ ಅಲ್ಲ.

ನಾಲ್ಕು ರಾತ್ರಿಯ ಯಾನ, ಒಬ್ಬರಿಗೆ 600 ಡಾಲರ್ ಎಂದು ಜಾಹೀರಾತು. ಡಾಲರಿಗೆ 84 ರೂಪಾಯಿ ಇದ್ದ ದಿನ ಅದು 50,400 ರೂಪಾಯಿ. ಮನೆಯಲ್ಲಿ ಕೂತು ಈ ಸಂಖ್ಯೆಯನ್ನೇ ತಲೆಯಲ್ಲಿಟ್ಟುಕೊಂಡು ಒಪ್ಪುತ್ತೇವೆ. ಬಂದರು ಶುಲ್ಕ ಮತ್ತು ತೆರಿಗೆ 130 ಡಾಲರ್ ಎಂದುಕೊಳ್ಳಿ. ಹಡಗಿನ ಸಿಬ್ಬಂದಿಗೆಂದು ದಿನಕ್ಕೆ ಇಂತಿಷ್ಟು ಎಂದು ಸೇರಿಸುವ ಗ್ರಾಚ್ಯುಯಿಟಿ ದಿನಕ್ಕೆ 18ರಂತೆ 72 ಡಾಲರ್. ಅಲ್ಲಿಗೆ 802 ಡಾಲರ್ ಆಯಿತು. ಬಾಕಿ ಕಟ್ಟುವ ಹೊತ್ತಿಗೆ ಡಾಲರ್ 88 ರೂಪಾಯಿಗೆ ಏರಿದ್ದು, ಪೂರ್ತಿ ಮೊತ್ತಕ್ಕೆ ಅದೇ ಲೆಕ್ಕ ಹಿಡಿದರೆ 70,576 ರೂಪಾಯಿ. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಈ ವ್ಯತ್ಯಾಸದಲ್ಲಿ ಡಾಲರ್ ಏರಿಕೆಯ ಪಾಲು 3,208 ರೂಪಾಯಿ ಮಾತ್ರ. ಮಿಕ್ಕಿದ್ದು ಮೊದಲ ದಿನವೇ ಇತ್ತು, ಜಾಹೀರಾತಿನ ದೊಡ್ಡ ಅಕ್ಷರದಲ್ಲಿ ಇರಲಿಲ್ಲ.

ಆ 600 ಡಾಲರ್ ಕೂಡ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇರುತ್ತಾರೆಂಬ ಲೆಕ್ಕದ್ದು. ಒಬ್ಬರೇ ಹೋದರೆ ಖಾಲಿ ಹಾಸಿಗೆಗೂ ಹೆಚ್ಚುವರಿ ತೆರಬೇಕು. ಹಲವು ಯಾನಗಳಲ್ಲಿ ಅದು ಇನ್ನೊಬ್ಬರ ಪೂರ್ತಿ ದರಕ್ಕೇ ಸಮ. ಪತಿ ತೀರಿಕೊಂಡ ಮೇಲೆ ಒಬ್ಬರೇ ಹೊರಟ ಹಿರಿಯ ಹೆಂಗಸರಿಗೆ ಈ ಸಂಗತಿಯನ್ನು ಮೊದಲೇ ಹೇಳಬೇಕು.

ವಿದೇಶ ಪ್ಯಾಕೇಜಿಗೆ ಇನ್ನೊಂದು ಕಡಿತವಿದೆ, ಟಿಸಿಎಸ್. ಮಾರುವವರು ಹಣ ಪಡೆಯುವಾಗಲೇ ನಿಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ ಇದು. 2020ರ ಅಕ್ಟೋಬರ್‌ನಲ್ಲಿ ಶೇ. 5ರಂತೆ ಶುರುವಾಯಿತು. 2023ರ ಅಕ್ಟೋಬರ್‌ನಿಂದ ವರ್ಷಕ್ಕೆ 7 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ. 20 ಆಯಿತು. 2025ರ ಏಪ್ರಿಲ್‌ನಲ್ಲಿ ಆ ಮಿತಿ 10 ಲಕ್ಷಕ್ಕೆ ಏರಿತು. ಬಜೆಟ್ಟಿನಲ್ಲಿ ಹೀಗೆ ಆಗಾಗ ಬದಲಾಗುವುದರಿಂದ ನೀವು ಹಣ ಕಟ್ಟುವ ದಿನದ ದರವನ್ನೇ ಕೇಳಿ ತಿಳಿಯಬೇಕು. ಈ ಹಣ ಕಳೆದುಹೋಗುವುದಿಲ್ಲ. ಪಾನ್ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ತೆರಿಗೆ ಬರುವಷ್ಟು ಆದಾಯವಿಲ್ಲದಿದ್ದರೆ ಮರಳಿ ಪಡೆಯಬಹುದು. ರಿಟರ್ನ್ ಸಲ್ಲಿಸುವ ರೂಢಿಯಿಲ್ಲದ ಹಿರಿಯರು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ, ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ದರ ತೋರಿಸಬೇಕೆಂಬ ಕಾನೂನು ಜಾರಿಯಾಯಿತು. ಆಗಿನಿಂದ ದೊಡ್ಡ ಕ್ರೂಸ್ ಕಂಪನಿಗಳು ಆ ದೇಶದಲ್ಲಿ ಬಂದರು ಶುಲ್ಕವನ್ನೂ ಸೇರಿಸಿದ ಮೊತ್ತ ತೋರಿಸುತ್ತವೆ. ನಮ್ಮಲ್ಲಿ ಕೈಗೆ ಬರುವ ವಾಟ್ಸ್ಆ್ಯಪ್ ಪೋಸ್ಟರುಗಳಲ್ಲಿ ಆ ಶಿಸ್ತು ಕಾಣುವುದು ಕಡಿಮೆ.

ಒಂದೇ ಕ್ಯಾಬಿನ್, ದಿನಕ್ಕೊಂದು ದರ

ಬುಕ್ ಮಾಡುವ ಮೊದಲೇ ದರ ಏರಿಳಿಯುವುದಕ್ಕೆ ಕಾರಣ ಸರಳ. ಹಡಗು ಹೊರಟುಹೋದ ಮೇಲೆ ಖಾಲಿ ಕ್ಯಾಬಿನ್ನಿನಿಂದ ಕಂಪನಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಆದ್ದರಿಂದ ಎಷ್ಟು ಕ್ಯಾಬಿನ್ ಉಳಿದಿವೆ, ಎಷ್ಟು ವೇಗವಾಗಿ ಹೋಗುತ್ತಿವೆ ಎಂಬುದನ್ನು ನೋಡಿ ಕಂಪ್ಯೂಟರು ದರ ಬದಲಿಸುತ್ತಲೇ ಇರುತ್ತದೆ. ವಿಮಾನದ ಟಿಕೆಟ್ ತೆಗೆದವರಿಗೆ ಇದು ಗೊತ್ತಿರುವುದೇ. ದೀಪಾವಳಿ, ಕ್ರಿಸ್‌ಮಸ್ ರಜೆ, ಏಪ್ರಿಲ್–ಮೇ ತಿಂಗಳ ಶಾಲಾ ರಜೆಯಲ್ಲಿ ದರ ಹೆಚ್ಚು.

ಕ್ಯಾಬಿನ್ನುಗಳಲ್ಲಿ ಕಿಟಕಿಯಿಲ್ಲದ ಒಳಕೋಣೆ, ಸಮುದ್ರ ಕಾಣುವ ಕಿಟಕಿಯ ಕೋಣೆ, ಬಾಲ್ಕನಿ, ಸ್ವೀಟ್ ಎಂಬ ದರ್ಜೆಗಳಿವೆ. ಒಂದೊಂದು ದರ್ಜೆಗೂ ದರ ಬೇರೆ ಬೇರೆಯಾಗಿ ಓಡುತ್ತದೆ. ಜಾಹೀರಾತಿನ ದರ ಸಾಮಾನ್ಯವಾಗಿ ಒಳಕೋಣೆಯದು. “ಗ್ಯಾರಂಟಿ” ಕ್ಯಾಬಿನ್ ಎಂದು ಅಗ್ಗದಲ್ಲಿ ಕೊಡುವುದೂ ಉಂಟು. ಗ್ಯಾರಂಟಿ ಇರುವುದು ದರ್ಜೆಗೆ ಮಾತ್ರ. ಯಾವ ಅಂತಸ್ತು, ಯಾವ ಸಂಖ್ಯೆ ಎಂಬುದನ್ನು ಕಂಪನಿ ಆಮೇಲೆ ಹೇಳುತ್ತದೆ. ಮೊಣಕಾಲು ನೋವಿನವರು ಲಿಫ್ಟಿನ ಹತ್ತಿರವೇ ಕೋಣೆ ಬೇಕೆಂದರೆ ಇದನ್ನು ತೆಗೆದುಕೊಳ್ಳಬಾರದು.

ಮುಂಗಡ ಕಟ್ಟಿದ ಮೇಲೆ ಏರಿಸಲು ಬರುತ್ತದೆಯೇ?

ನಿಮ್ಮ ಹೆಸರಿನಲ್ಲಿ ನಿಜವಾದ ಬುಕಿಂಗ್ ಆಗಿದ್ದರೆ, “ಬೇಡಿಕೆ ಹೆಚ್ಚಾಯಿತು” ಎಂಬ ಕಾರಣಕ್ಕೆ ಮೂಲ ದರ ಏರಿಸುವುದು ವಾಡಿಕೆಯಲ್ಲ. ಆದರೆ ಕರಾರುಗಳಲ್ಲಿ ಕೆಲವು ಕಿಂಡಿಗಳಿರುತ್ತವೆ, ಅವು ಯಾವುವೆಂದು ತಿಳಿದಿರಬೇಕು.

ಸರ್ಕಾರಿ ತೆರಿಗೆ ಮತ್ತು ಬಂದರು ಶುಲ್ಕ ಹೆಚ್ಚಾದರೆ ಪ್ರಯಾಣಿಕರಿಂದ ಪಡೆಯಬಹುದೆಂದು ಬಹುಮಟ್ಟಿಗೆ ಎಲ್ಲ ಕಂಪನಿಗಳೂ ಬರೆದುಕೊಂಡಿರುತ್ತವೆ. ಗ್ರೀಸ್ ದೇಶ 2025ರ ಜುಲೈನಿಂದ ಕ್ರೂಸ್ ಪ್ರಯಾಣಿಕರ ಮೇಲೆ ಹೊಸ ಶುಲ್ಕ ಹಾಕಿತು. ಸ್ಯಾಂಟೊರಿನಿ, ಮಿಕೊನೊಸ್ ದ್ವೀಪಗಳಲ್ಲಿ ಜನದಟ್ಟಣೆಯ ತಿಂಗಳುಗಳಲ್ಲಿ ಇಳಿದರೆ ಒಬ್ಬರಿಗೆ 20 ಯೂರೊ. ಇಂಥದ್ದು ಬುಕಿಂಗ್ ಆದ ಮೇಲೆ ಬಂದರೂ ಬಿಲ್ಲಿಗೆ ಸೇರಬಹುದು.

ಇಂಧನದ್ದು ಇನ್ನೊಂದು ಕಿಂಡಿ. ಕಚ್ಚಾ ತೈಲದ ಬೆಲೆ ಒಂದು ಮಟ್ಟ ದಾಟಿದರೆ ದಿನಕ್ಕೆ, ಒಬ್ಬರಿಗೆ ಇಂತಿಷ್ಟು ಡಾಲರ್ ಹೆಚ್ಚುವರಿ ಎಂಬ ಷರತ್ತು ಅಮೆರಿಕದ ಕಂಪನಿಗಳ ಕರಾರುಗಳಲ್ಲಿ ಸಾಮಾನ್ಯ. ಇದಕ್ಕೊಂದು ಹಳೆಯ ಪ್ರಕರಣವಿದೆ. 2007ರ ಕೊನೆಗೆ ತೈಲ ಬ್ಯಾರಲ್ಲಿಗೆ ನೂರು ಡಾಲರ್ ಸಮೀಪಿಸಿದಾಗ ಕಂಪನಿಗಳು ಇಂಧನ ಶುಲ್ಕ ಘೋಷಿಸಿ, ಮೊದಲೇ ಬುಕ್ ಮಾಡಿದವರಿಗೂ ಹೇರಿದವು. ಫ್ಲಾರಿಡಾ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇದನ್ನು ಪ್ರಶ್ನಿಸಿತು. 2008ರಲ್ಲಿ ರಾಯಲ್ ಕೆರಿಬಿಯನ್ ಮತ್ತು ಕಾರ್ನಿವಲ್ ಎರಡೂ, ಘೋಷಣೆಗೆ ಮುಂಚೆಯೇ ಬುಕ್ ಮಾಡಿದ್ದವರಿಗೆ ಆ ಹಣ ಮರಳಿಸಲು ಒಪ್ಪಿಕೊಂಡವು. ಬುಕ್ ಮಾಡುವ ದಿನ ನಿಮಗೆ ಸ್ಪಷ್ಟವಾಗಿ ಹೇಳಿರದ ಶುಲ್ಕವನ್ನು ಆಮೇಲೆ ಹಾಕಿದರೆ ತಕರಾರು ತೆಗೆಯಲು ಜಾಗವಿದೆ ಎಂಬುದಕ್ಕೆ ಇದು ಸಾಕ್ಷಿ.

ಯುರೋಪಿನ ಒಕ್ಕೂಟದಲ್ಲಿ ಗೆರೆ ಇನ್ನೂ ನಿಚ್ಚಳ. ಅಲ್ಲಿನ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ ಇಂಧನ, ತೆರಿಗೆ, ವಿನಿಮಯ ದರ ಈ ಮೂರೇ ಕಾರಣಕ್ಕೆ, ಕರಾರಿನಲ್ಲಿ ಬರೆದಿದ್ದರೆ ಮಾತ್ರ ದರ ಏರಿಸಬಹುದು. ಹೊರಡಲು 20 ದಿನ ಉಳಿದ ಮೇಲೆ ಏರಿಸುವಂತಿಲ್ಲ. ಏರಿಕೆ ಶೇ. 8 ದಾಟಿದರೆ ಪ್ರಯಾಣಿಕರು ದಂಡವಿಲ್ಲದೆ ರದ್ದು ಮಾಡಬಹುದು. ಭಾರತದ ಗ್ರಾಹಕ ಕಾನೂನಿನಲ್ಲಿ ಹೀಗೆ ಶೇಕಡಾ ಲೆಕ್ಕದ ಗೆರೆ ಎಳೆದಿಲ್ಲ. ನಮ್ಮಲ್ಲಿ ನಿಮ್ಮ ಕೈಯಲ್ಲಿರುವ ಕಾಗದದ ಮೇಲೆ ಏನು ಬರೆದಿದೆ ಎಂಬುದೇ ಮೊದಲ ಆಧಾರ.

ಡಾಲರಿನ ವಿಷಯ ಏಜೆಂಟರೊಂದಿಗೆ ಬಾಯಿಬಿಟ್ಟು ಮಾತಾಡಬೇಕಾದ್ದು. ದರವನ್ನು ರೂಪಾಯಿಯಲ್ಲಿ ನಿಲ್ಲಿಸಿದ್ದೀರೋ ಡಾಲರಿನಲ್ಲೋ? ಡಾಲರಿನಲ್ಲಾದರೆ ಯಾವ ದಿನದ, ಯಾವ ವಿನಿಮಯ ದರ? ಏಜೆಂಟರು ಹಿಡಿಯುವ ದರ ಪತ್ರಿಕೆಯಲ್ಲಿ ಕಾಣುವುದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ನೀವೇ ಬದಲಾವಣೆ ಕೇಳಿದಾಗ

ಇಲ್ಲಿ ಜನ ಹೆಚ್ಚು ಕಳೆದುಕೊಳ್ಳುತ್ತಾರೆ, ಅದೂ ತಿಳಿಯದೆ. ನಿಂತಿರುವ ದರ ಆ ಹಡಗು, ಆ ದಿನ, ಆ ಕ್ಯಾಬಿನ್, ಅಷ್ಟು ಜನ ಎಂಬ ನಾಲ್ಕಕ್ಕೂ ಸೇರಿ ನಿಂತದ್ದು. ಅದರಲ್ಲಿ ಒಂದನ್ನು ಬದಲಿಸಿದರೂ ಇಡೀ ಬುಕಿಂಗ್ ಅಂದಿನ ದರಕ್ಕೆ ಮರುಲೆಕ್ಕವಾಗುವ ಸಾಧ್ಯತೆಯಿದೆ.

ಶಿರಸಿಯ ಒಂದು ಮನೆ ಎಂದುಕೊಳ್ಳಿ. ಮಾರಿಕಾಂಬಾ ಜಾತ್ರೆಯ ವರ್ಷ, ದಿನಾಂಕ ಗೊತ್ತಾಗುವ ಮೊದಲೇ ಮಾರ್ಚ್ ಆರಂಭಕ್ಕೆ ಯಾನ ಬುಕ್ ಮಾಡಿದ್ದಾರೆ. ಜಾತ್ರೆಗೆ ನೆಂಟರೆಲ್ಲ ಬರುವಾಗ ಮನೆ ಬೀಗ ಹಾಕಿ ಹೋಗಲಾದೀತೇ? ಯಾನವನ್ನು ಏಪ್ರಿಲ್ಲಿಗೆ ಹಾಕಿ ಎನ್ನುತ್ತಾರೆ. ಏಪ್ರಿಲ್ ರಜೆಯ ತಿಂಗಳು, ದರ ಹೆಚ್ಚು. ಬದಲಾವಣೆ ಶುಲ್ಕ ಬೇರೆ. “ಅದೇ ಹಡಗು, ಅದೇ ಕೋಣೆ, ನಾಲ್ಕು ವಾರ ಮುಂದೆ ಹೋಗಿದ್ದಕ್ಕೆ ಇಷ್ಟಾ?” ಎಂಬ ಸಿಟ್ಟು ಸಹಜ. ಆದರೆ ಕಂಪನಿಯ ಲೆಕ್ಕದಲ್ಲಿ ಅದು ಹಳೆಯದನ್ನು ಬಿಟ್ಟು ಹೊಸದನ್ನು ಕೊಂಡ ವ್ಯವಹಾರ.

ಮೂವರು ಇರುವ ಕ್ಯಾಬಿನ್ನಿನಿಂದ ಒಬ್ಬರು ಹಿಂದೆ ಸರಿದರೂ ಹೀಗೇ. ಮೂರನೆಯವರ ದರ ಮೊದಲಿಬ್ಬರಿಗಿಂತ ಕಡಿಮೆ ಇರುವುದು ರೂಢಿ. ಆದ್ದರಿಂದ ಒಬ್ಬರು ಬರದಿದ್ದರೆ ಒಟ್ಟು ಮೊತ್ತದಲ್ಲಿ ಮೂರನೇ ಒಂದು ಭಾಗ ಇಳಿಯುತ್ತದೆಂದು ಎಣಿಸಬೇಡಿ. ಬದಲಾವಣೆಗೆ “ಮಾಡಿ” ಎನ್ನುವ ಮೊದಲು “ಮಾಡಿದರೆ ಒಟ್ಟು ಎಷ್ಟಾಗುತ್ತದೆ, ಬರೆದು ಕಳಿಸಿ” ಎನ್ನಿ. ಒಮ್ಮೆ ಹಳೆಯ ದರ ಬಿಟ್ಟುಕೊಟ್ಟರೆ ಅದು ಮರಳುವುದು ಕಷ್ಟ.

ವಾಪಸು ಬರುವ ಮುಂಗಡ, ಬಾರದ ಮುಂಗಡ

ಒಂದೇ ಕ್ಯಾಬಿನ್ನನ್ನು ಎರಡು ದರಕ್ಕೆ ಮಾರುವುದುಂಟು. ಮುಂಗಡ ವಾಪಸು ಸಿಗುವ ದರ ತುಸು ಹೆಚ್ಚು, ಸಿಗದ ದರ ತುಸು ಕಡಿಮೆ. ಅಂತರ್ಜಾಲದಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಡಿಮೆಯದ್ದೇ. ಮನೆಯಲ್ಲಿ ವಯಸ್ಸಾದವರಿದ್ದರೆ, ವೀಸಾ ಇನ್ನೂ ಆಗಿರದಿದ್ದರೆ, ಆ ತುಸು ಹೆಚ್ಚಿನ ದರ ಕೊಡುವುದೇ ಮೇಲು ಎಂದು ನನಗನ್ನಿಸುತ್ತದೆ.

ವಾಪಸು ಸಿಗುತ್ತದೆ ಎಂಬ ಮಾತಿಗೂ ಗಡುವಿದೆ. ಅದು ಪೂರ್ತಿ ಹಣ ಕಟ್ಟಬೇಕಾದ ಕೊನೆಯ ದಿನ. ವಿದೇಶಿ ಕಂಪನಿಗಳಲ್ಲಿ ಇದು ಯಾನದ ಉದ್ದ ನೋಡಿಕೊಂಡು ಹೊರಡುವುದಕ್ಕೆ 75 ಅಥವಾ 90 ದಿನ ಮುಂಚೆ ಬರುವುದು ಸಾಮಾನ್ಯ. ಆ ದಿನ ದಾಟಿದ ಮೇಲೆ ರದ್ದು ಮಾಡಿದರೆ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕೊನೆಯ ವಾರಗಳಲ್ಲಿ ಪೂರ್ತಿ ಹಣವೇ ಹೋಗುತ್ತದೆ. ಆ ದಿನದೊಳಗೆ ಬಾಕಿ ಕಟ್ಟದಿದ್ದರೂ ಬುಕಿಂಗ್ ತಾನಾಗಿ ರದ್ದಾಗಬಹುದು. ಮತ್ತೆ ಬೇಕೆಂದರೆ ಅಂದಿನ ದರ. “ಬಾಕಿ ಒಂದು ವಾರ ತಡವಾಯಿತು, ಅಷ್ಟಕ್ಕೇ ಏರಿಸಿದರು” ಎಂಬ ದೂರಿನ ಹಿಂದೆ ಇದಿರುತ್ತದೆ.

ನಮ್ಮ ಕರಾವಳಿಯವರಿಗೆ ಇದರಲ್ಲಿ ಒಂದು ವಿಶೇಷ ತೊಡಕು. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಕ್ಕೆ ಇಳಿದಿದೆ. ಅಂದರೆ ಹಡಗಿನ ಪೂರ್ತಿ ಹಣ ಕಟ್ಟಿ, ವಾಪಸಿನ ಗಡುವು ಮುಗಿದು ಎಷ್ಟೋ ದಿನವಾದ ಮೇಲೆ ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟ್ ತೆರೆಯುತ್ತದೆ. ಸೀಟು ಸಿಗದಿದ್ದರೆ ಬಸ್ಸೋ ಗೋವಾದಿಂದ ವಿಮಾನವೋ ಆಗಬೇಕು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಿ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ಗಾಡಿ ನಿಧಾನ. ಹಡಗು ಹೊರಡುವ ದಿನವೇ ಬಂದರು ಮುಟ್ಟುವ ಹಾಗೆ ಹೊರಡುವುದು ಸರಿಯಲ್ಲ, ಹಿಂದಿನ ದಿನವೇ ತಲುಪಬೇಕು.

ಕೊನೆಯ ಪಾವತಿಗೆ ಮೊದಲು ದರ ಇಳಿದರೂ ಇಳಿಯಬಹುದು. ಕೆಲವು ಕಂಪನಿಗಳು ಆಗ ಕಡಿಮೆ ದರಕ್ಕೆ ಮರುಹೊಂದಿಸುತ್ತವೆ, ಆದರೆ ತಾವಾಗಿ ಹೇಳುವುದಿಲ್ಲ. ಬಾಕಿ ಕಟ್ಟುವ ವಾರ ಅದೇ ದರ್ಜೆಯ ಅಂದಿನ ದರ ನೋಡಿ, ಏಜೆಂಟರನ್ನು ಕೇಳಿ.

ಏಜೆಂಟರಿಂದ ಏನು ಪಡೆದಿರಬೇಕು

ಕಂಪನಿಯ ಬುಕಿಂಗ್ ಸಂಖ್ಯೆಯೇ ಮುಖ್ಯ. ಏಜೆನ್ಸಿಯ ರಶೀದಿ ಸಂಖ್ಯೆ ಬೇರೆ, ಅದು ಬೇರೆ. ಆ ಸಂಖ್ಯೆ ಹಿಡಿದು ಕಂಪನಿಯ ಜಾಲತಾಣದಲ್ಲೋ ಗ್ರಾಹಕ ಸೇವೆಯ ಫೋನಿನಲ್ಲೋ ನಿಮ್ಮ ಹೆಸರು ಇದೆಯೇ, ಎಷ್ಟು ಹಣ ಜಮೆಯಾಗಿದೆ ಎಂದು ನೀವೇ ಕೇಳಬಹುದು. ಸಂಕೋಚ ಬೇಡ, ಅದು ನಿಮ್ಮ ಹಣ. ಊರಿನ ಏಜೆಂಟರು ಪರಿಚಯದವರೇ ಇರುತ್ತಾರೆ, ಕಾಗದ ಕೇಳಿದರೆ ಅಪನಂಬಿಕೆ ಎಂದುಕೊಂಡಾರು ಎಂದು ಹಿರಿಯರು ಹಿಂಜರಿಯುತ್ತಾರೆ. ಒಳ್ಳೆಯ ಏಜೆಂಟರು ಕೇಳುವ ಮೊದಲೇ ಕೊಡುತ್ತಾರೆ. ಹಣವನ್ನು ಯಾರದೋ ವೈಯಕ್ತಿಕ ಯುಪಿಐಗೆ ಹಾಕದೆ ಸಂಸ್ಥೆಯ ಖಾತೆಗೇ ಹಾಕಿ.

ತಕರಾರು ಎದ್ದರೆ

ಭಾರತದ ಕಾನೂನು ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಆನ್‌ಲೈನ್ ಮಾರಾಟದ ವಂಚಕ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹೆಸರಿಸಿದ 13 ಬಗೆಗಳಲ್ಲಿ ಒಂದು ಡ್ರಿಪ್ ಪ್ರೈಸಿಂಗ್: ದರದ ಭಾಗಗಳನ್ನು ಮೊದಲೇ ತೋರಿಸದೆ ಹನಿ ಹನಿಯಾಗಿ ಸೇರಿಸುವುದು, ಖರೀದಿ ಖಚಿತವಾದ ಮೇಲೆ ತೋರಿಸಿದ್ದಕ್ಕಿಂತ ಹೆಚ್ಚು ವಸೂಲು ಮಾಡುವುದು. “ಎರಡೇ ಕ್ಯಾಬಿನ್ ಉಳಿದಿವೆ” ಎಂದು ಸುಳ್ಳು ಅವಸರ ಹುಟ್ಟಿಸುವುದೂ ಅದೇ ಪಟ್ಟಿಯಲ್ಲಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಏಕಪಕ್ಷೀಯ ಕರಾರನ್ನು ಪ್ರಶ್ನಿಸಲು ಅವಕಾಶ ಕೊಡುತ್ತದೆ, ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡವೂ ಅದರ ವ್ಯಾಪ್ತಿಗೆ ಬರುತ್ತದೆ. “ಮುಂಗಡ ವಾಪಸಿಲ್ಲ” ಎಂದು ಬರೆದ ಮಾತ್ರಕ್ಕೆ ಅದು ಪ್ರಶ್ನಾತೀತವಾಗುವುದಿಲ್ಲ. ಹಾಗೆಂದು ನೀವೇ ಓದಿ ಒಪ್ಪಿ, ಕಡಿಮೆ ದರದ ಲಾಭವನ್ನೂ ಪಡೆದ ಷರತ್ತಾದರೆ ವಾದ ಕಷ್ಟ.

ಮೊದಲು ಏಜೆಂಟರಿಗೂ ಕಂಪನಿಗೂ ಇಮೇಲ್ ಮಾಡಿ: ಯಾವ ಶೀರ್ಷಿಕೆಯಲ್ಲಿ ಎಷ್ಟು ಹೆಚ್ಚಾಯಿತು, ಕರಾರಿನ ಯಾವ ಷರತ್ತಿನ ಪ್ರಕಾರ? ಈ ಒಂದು ಪ್ರಶ್ನೆಗೇ ಎಷ್ಟೋ ಏರಿಕೆಗಳು ಕರಗುತ್ತವೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅದರಾಚೆಗೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗವಿದೆ. ಏಜೆನ್ಸಿ ಮುಂಬೈಯಲ್ಲಿರಲಿ ಬೆಂಗಳೂರಿನಲ್ಲಿರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಮಾಡಿದೆ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು, ಅಂತರ್ಜಾಲದಲ್ಲೂ ದೂರು ಸಲ್ಲಿಸಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ಅಲ್ಲಿ ಕೇಳುವುದು ದಾಖಲೆ: ಮೊದಲ ದಿನದ ಜಾಹೀರಾತಿನ ಚಿತ್ರ, ದರ ಒಪ್ಪಿಕೊಂಡ ವಾಟ್ಸ್ಆ್ಯಪ್ ಸಂದೇಶ, ಬ್ಯಾಂಕಿನ ಪಾವತಿ ವಿವರ, ದೃಢೀಕರಣ ಪತ್ರ, ಅಂದು ಜಾರಿಯಲ್ಲಿದ್ದ ಷರತ್ತುಗಳ ಪ್ರತಿ. ಜಾಲತಾಣದಲ್ಲಿ ಷರತ್ತುಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹಣ ಕಟ್ಟುವ ದಿನವೇ ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.